ಇದಿರು ಕುಳಿತವರ ಮರ್ಯಾದೆ

ಪತ್ತನಾಜೆ ಕಳೆಯಿತೆಂದರೆ ಕರಾವಳಿಯ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದವೆಂದೇ ಲೆಕ್ಕ. ತುಳುವರ ಬೇಶ ತಿಂಗಳ ಹತ್ತನೆಯ ದಿನ ಅದು, ಮೇ 24ರ ಆಸುಪಾಸಿನಲ್ಲಿ ಬರುತ್ತದೆ. ಅಲ್ಲಿಗೆ ಬಯಲಾಟದ ತಿರುಗಾಟ ಮುಗಿಯುತ್ತದೆ, ಮಳೆ ಶುರುವಾಗುತ್ತದೆ. ಆದರೆ ಆಟದ ರುಚಿ ಹತ್ತಿದವರಿಗೆ ಮಳೆಗಾಲ ಪೂರ್ತಿ ಬಾಯಿ ಕಟ್ಟಿ ಕೂರಲು ಆಗುವುದಿಲ್ಲ. ಹಾಗಾಗಿ ದೇವಸ್ಥಾನದ ಚಾವಡಿಯಲ್ಲಿ, ಶಾಲೆಯ ಸಭಾಂಗಣದಲ್ಲಿ, ಯಾರದೋ ಮನೆಯ ಜಗಲಿಯಲ್ಲಿ ತಾಳಮದ್ದಳೆ ಕೂಟಗಳು ಏಳುತ್ತವೆ. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಪಂಚೆ ಉಟ್ಟು ಶಲ್ಯ ಹೊದ್ದ ನಾಲ್ಕಾರು ಮಂದಿ ಎದುರುಬದುರು ಕುಳಿತಿರುತ್ತಾರೆ. ಭಾಗವತರು ಪದ್ಯ ಹೇಳುತ್ತಾರೆ, ಚೆಂಡೆ ಮದ್ದಳೆ ನುಡಿಯುತ್ತವೆ, ಅರ್ಥಧಾರಿ ಆ ಪದ್ಯಕ್ಕೆ ಅಲ್ಲೇ ಹೊಳೆದ ಮಾತಿನಲ್ಲಿ ಅರ್ಥ ಹೇಳುತ್ತಾನೆ. ಇದಿರು ಕುಳಿತವನು ಅದನ್ನು ಒಪ್ಪುವುದಿಲ್ಲ. ಕೂಟ ಏರುವುದು ಅಲ್ಲಿಂದ.

ಒಬ್ಬರ ಮಾತನ್ನು ಇನ್ನೊಬ್ಬರು ಒಪ್ಪದಿರುವುದೇ ಈ ಕಲೆಯ ಜೀವಾಳ. ಒಪ್ಪಿಬಿಟ್ಟರೆ ಕೂಟ ಹತ್ತೇ ನಿಮಿಷಕ್ಕೆ ಮುಗಿದುಹೋಗುತ್ತದೆ. ಇಂಥ ಕಲೆಯ ಹುಚ್ಚು ಹಿಡಿಸಿಕೊಂಡ ನಾವೇ, ವಾಟ್ಸಾಪ್ ಗ್ರೂಪಿನಲ್ಲಿ ಒಂದು ಸಣ್ಣ ಭಿನ್ನಾಭಿಪ್ರಾಯವನ್ನು ಜೀರ್ಣಿಸಿಕೊಳ್ಳಲಾರದೆ ಹೋಗುತ್ತೇವಲ್ಲ, ಅದೇಕೆ ಎಂಬುದು ಈ ಬೆಳಗಿನ ಯೋಚನೆ.

ಯಕ್ಷಗಾನದ ಅಭಿಮಾನಿಗಳ ಗ್ರೂಪುಗಳು ಈಗ ಊರೂರಿಗೆ ಇವೆ. ತೆಂಕುತಿಟ್ಟು ಶೈಲಿಯವರದ್ದು ಬೇರೆ, ಬಡಗುತಿಟ್ಟು ಶೈಲಿಯವರದ್ದು ಬೇರೆ, ಎರಡೂ ಸೇರಿದ್ದು ಬೇರೆ. ಅಡಿಕೆ ತೋಟದವರು, ಬ್ಯಾಂಕಿನಿಂದ ನಿವೃತ್ತರಾದವರು, ಶಾಲೆಯ ಮೇಷ್ಟ್ರುಗಳು, ಬೆಂಗಳೂರಿನ ಐಟಿ ಹುಡುಗರು, ಮುಂಬಯಿಯ ಹೋಟೆಲಿನವರು, ಗಲ್ಫಿನಲ್ಲಿ ದುಡಿಯುವವರು ಎಲ್ಲ ಒಂದೇ ಕಡೆ ಇರುತ್ತಾರೆ. ಒಂದು ಗ್ರೂಪಿಗೆ 1,024 ಮಂದಿಯವರೆಗೆ ಸೇರಬಹುದು. ಊರು ಬಿಟ್ಟು ಹೋದವನಿಗೆ ಯಾರೋ ಹಾಕಿದ ಎರಡು ನಿಮಿಷದ ಕ್ಲಿಪ್ಪಿನಲ್ಲಿ ಚೆಂಡೆಯ ಪೆಟ್ಟು ಕೇಳಿದರೆ ಆ ದಿನ ಸಾರ್ಥಕ. ಯಾರಿಗೂ ಇಲ್ಲಿ ಸಂಬಳವಿಲ್ಲ, ಲಾಭವಿಲ್ಲ. ಪ್ರೀತಿಯೊಂದಕ್ಕಾಗಿ ಸೇರಿದವರು. ಹಾಗಿದ್ದೂ ಜಗಳ ಹತ್ತಿಕೊಳ್ಳುವುದು ಇಲ್ಲಿಯೇ ಬೇಗ. ಹೊಟ್ಟೆಪಾಡಿನ ವಿಷಯವಾದರೆ ಮನುಷ್ಯ ಲೆಕ್ಕ ಹಾಕಿ ಮಾತಾಡುತ್ತಾನೆ. ಪ್ರೀತಿಯ ವಿಷಯದಲ್ಲಿ ಲೆಕ್ಕ ತಪ್ಪುತ್ತದೆ.

ಜಗಳದ ಕ್ರಮ ಇಂಥ ಗ್ರೂಪಿನಲ್ಲಿರುವವರಿಗೆ ಬಾಯಿಪಾಠ. ರಾತ್ರಿ ಊಟ ಮುಗಿದ ಹೊತ್ತಿಗೆ ಒಬ್ಬರು ಯುವ ಭಾಗವತರೊಬ್ಬರ ಪದ್ಯದ ಕ್ಲಿಪ್ಪು ಹಾಕುತ್ತಾರೆ. ಪದ್ಯ ಚಿಕ್ಕದು, ಆಲಾಪನೆ ದೊಡ್ಡದು. ಕೆಳಗೆ ಮೊದಲ ಮಾತು ಬೀಳುತ್ತದೆ: ‘ಇದು ಯಕ್ಷಗಾನವಾ, ಸಂಗೀತ ಕಚೇರಿಯಾ?’ ಕ್ಲಿಪ್ಪು ಹಾಕಿದವರಿಗೆ ಚುರುಕ್ಕೆನ್ನುತ್ತದೆ. ‘ನಿಮಗೆ ಆಗದಿದ್ದರೆ ಬಿಡಿ ಮಾರಾಯ್ರೆ, ಕೇಳುವವರು ಕೇಳ್ತಾರೆ.’ ಅದಕ್ಕೆ, ‘ಸಾಹಿತ್ಯ ಒಂದಕ್ಷರ ಕೇಳುವುದಿಲ್ಲ, ನೀವು ಹೊಗಳ್ತಾ ಇರಿ.’ ಅದಕ್ಕೆ, ‘ನೀವು ಎಷ್ಟು ಆಟ ನೋಡಿದ್ದೀರಿ ಅಂತ ಎಲ್ಲರಿಗೂ ಗೊತ್ತುಂಟು.’ ಮೂರನೆಯವರೊಬ್ಬರು ನಡುವೆ ಬಂದು ತಿಟ್ಟಿನ ಹೆಸರೆತ್ತುತ್ತಾರೆ: ‘ನಿಮ್ಮ ಕಡೆಯವರು ಲಯದ ಬಗ್ಗೆ ಮಾತಾಡುವುದೇ ತಮಾಷೆ.’ ಆಮೇಲೆ ಒಂದೆರಡು ಕಡೆ ‘ಈ ಸಂದೇಶವನ್ನು ಅಳಿಸಲಾಗಿದೆ’ ಎಂಬ ಸಾಲು ಕಾಣಿಸುತ್ತದೆ. ಅಲ್ಲಿ ಏನಿತ್ತೆಂದು ಓದಿದವರಿಗೆ ಗೊತ್ತು, ಓದದವರು ಇನ್ನೂ ಕೆಟ್ಟದ್ದನ್ನು ಊಹಿಸಿಕೊಳ್ಳುತ್ತಾರೆ. ಬೆಳಿಗ್ಗೆ ಎದ್ದು ನೋಡಿದರೆ ನಾಲ್ಕು ಮಂದಿ ಗ್ರೂಪು ಬಿಟ್ಟಿರುತ್ತಾರೆ. ಅಡ್ಮಿನ್ ಎರಡು ಕೈಮುಗಿದ ಚಿತ್ರ ಹಾಕಿ, ಇನ್ನು ಅಡ್ಮಿನ್‌ಗಳು ಮಾತ್ರ ಬರೆಯುವಂತೆ ಬೀಗ ಹಾಕಿರುತ್ತಾರೆ.

ಇಷ್ಟೆಲ್ಲ ಆದ ಮೇಲೆ ಆಲಾಪನೆಯ ಪ್ರಶ್ನೆ ಎಲ್ಲಿತ್ತೋ ಅಲ್ಲೇ ಉಳಿದಿರುತ್ತದೆ. ಬೇಸರದ ಸಂಗತಿ ಅದು. ಆ ಪ್ರಶ್ನೆಯಲ್ಲಿ ನಿಜವಾಗಿ ಹುರುಳಿತ್ತು. ಯಕ್ಷಗಾನದ ಪದ್ಯ ಕತೆಯನ್ನು ಹೊತ್ತು ನಡೆಯುವಂಥದ್ದು. ಮಾತು ಕೇಳದಿದ್ದರೆ ಕತೆ ನಿಲ್ಲುತ್ತದೆ, ರಂಗದ ಮೇಲಿನ ಪಾತ್ರ ಕಾಯುತ್ತ ನಿಲ್ಲಬೇಕಾಗುತ್ತದೆ ಎಂಬ ಹಿರಿಯರ ಆಕ್ಷೇಪ ತಳವಿಲ್ಲದ್ದಲ್ಲ. ಇತ್ತ, ಶೃಂಗಾರಕ್ಕೋ ಶೋಕಕ್ಕೋ ರಾಗ ತುಸು ಹರಡಿಕೊಂಡರೆ ರಸ ಗಟ್ಟಿಯಾಗುತ್ತದೆ, ಆ ರಾಗವನ್ನು ಕೇಳಿಯೇ ಎಷ್ಟೋ ಎಳೆಯರು ಆಟದ ಕಡೆ ತಿರುಗಿದ್ದಾರೆ ಎಂಬ ಮಾತೂ ಸುಳ್ಳಲ್ಲ. ಯುದ್ಧದ ಪದ್ಯಕ್ಕೆ ಎಷ್ಟು ರಾಗ, ದುಃಖದ ಪದ್ಯಕ್ಕೆ ಎಷ್ಟು ಎಂದು ಬಲ್ಲವರು ನಾಲ್ಕು ಮಾತಾಡಿದ್ದರೆ ಓದಿದವರ ಕಿವಿ ಇನ್ನಷ್ಟು ಸೂಕ್ಷ್ಮವಾಗುತ್ತಿತ್ತು. ಆ ಚರ್ಚೆ ಹುಟ್ಟುವ ಮೊದಲೇ ಸತ್ತಿತು. ಮೊದಲ ಮಾತು ಆಲಾಪನೆಯ ಮೇಲೆ, ಎರಡನೆಯದು ಅಭಿರುಚಿಯ ಮೇಲೆ, ಮೂರನೆಯದು ಅನುಭವದ ಮೇಲೆ, ನಾಲ್ಕನೆಯದು ಊರು ತಿಟ್ಟುಗಳ ಮೇಲೆ. ವಿಷಯದಿಂದ ವ್ಯಕ್ತಿಗೆ ಜಾರಲು ನಾಲ್ಕು ಮೆಟ್ಟಿಲು ಸಾಕಾಯಿತು.

ತಾಳಮದ್ದಳೆ ಈ ಜಾರಿಕೆಯನ್ನು ಹೇಗೆ ತಡೆದುಕೊಂಡು ಬಂತು? ಅಲ್ಲಿನವರೆಲ್ಲ ಸಾಧು ಸಂತರೇನಲ್ಲ. ಮಾತಿನಲ್ಲಿ ಗೆಲ್ಲಬೇಕೆಂಬ ಹಟ ಅವರಲ್ಲಿ ನಮಗಿಂತ ಹೆಚ್ಚೇ. ಅವರನ್ನು ಕಾಯ್ದದ್ದು ಕೂಟದ ಕಟ್ಟುಪಾಡು.

ಮೊದಲನೆಯದು ಪದ್ಯ. ಪ್ರಸಂಗದ ಕವಿ ಬರೆದಿಟ್ಟ ಪದ್ಯ ಇಬ್ಬರಿಗೂ ಸಮಾನ. ಅರ್ಥವನ್ನು ಎಷ್ಟು ಬೇಕಾದರೂ ಬೆಳೆಸಬಹುದು, ಪದ್ಯವನ್ನು ಮೀರುವಂತಿಲ್ಲ. ಕರ್ಣನ ಅರ್ಥ ಹೇಳುವವನು ಅರ್ಜುನನನ್ನು ಮಾತಿನಲ್ಲಿ ನೆಲಕ್ಕೆ ಕೆಡವಿದರೂ ಕೊನೆಗೆ ರಥದ ಚಕ್ರ ಹೂತುಹೋಗಲೇಬೇಕು. ಹೀಗೆ ಇಬ್ಬರೂ ಒಪ್ಪಿಕೊಂಡ ನೆಲವೊಂದು ಕಾಲಡಿಗೆ ಇರುವುದರಿಂದಲೇ ಮೇಲೆ ಎಷ್ಟು ಸೆಣಸಿದರೂ ಅಪಾಯವಿಲ್ಲ. ನಮ್ಮ ಗ್ರೂಪುಗಳಲ್ಲೂ ಅಂಥ ನೆಲವಿದೆ. ಎರಡು ಕಡೆಯವರೂ ರಾತ್ರಿ ನಿದ್ದೆಗೆಟ್ಟು ಆಟ ನೋಡಿದವರು, ಆ ಕಲೆ ಉಳಿಯಲಿ ಎಂದು ಬಯಸುವವರು. ಆಲಾಪನೆ ಬೇಡವೆನ್ನುವವನ ಸಿಟ್ಟಿನ ಒಳಗೂ ಬೇಕೆನ್ನುವವನ ಸಿಟ್ಟಿನ ಒಳಗೂ ಇರುವುದು ಅದೇ. ಜಗಳದ ಬಿಸಿಯಲ್ಲಿ ನಾವು ಮೊದಲು ಮರೆಯುವುದೂ ಅದನ್ನೇ.

ಎರಡನೆಯದು, ಉತ್ತರ ಕೊಡುವ ಮೊದಲು ಪ್ರಶ್ನೆಯನ್ನು ಎತ್ತಿಕೊಳ್ಳುವ ರೂಢಿ. ಒಳ್ಳೆಯ ಅರ್ಥಧಾರಿ ಇದಿರಿನವನ ಮಾತನ್ನು ಪೂರ್ತಿ ಕೇಳುತ್ತಾನೆ. ಬಾಯಿ ತೆರೆದಾಗ ಮೊದಲು, ‘ನೀನು ಕೇಳಿದ್ದು ಇದಲ್ಲವೆ?’ ಎಂದು ಆ ಪ್ರಶ್ನೆಯನ್ನು ತಾನೊಮ್ಮೆ ಹೇಳುತ್ತಾನೆ. ಎಷ್ಟೋ ಸಲ ಕೇಳಿದವನಿಗಿಂತ ಚೆನ್ನಾಗಿಯೇ ಹೇಳುತ್ತಾನೆ. ಸಭೆ ತಲೆದೂಗುತ್ತದೆ. ಆಮೇಲೆ ಉತ್ತರ. ಇದಿರಿನವನ ವಾದವನ್ನು ಕುಗ್ಗಿಸಿ ಗೆದ್ದರೆ ಅದು ಗೆಲುವಲ್ಲ ಎಂಬುದು ಸಭೆಗೂ ಗೊತ್ತು, ಅವನಿಗೂ ಗೊತ್ತು. ಗ್ರೂಪಿನಲ್ಲಿ ಆಗುವುದು ಇದರ ತಿರುವುಮುರುವು. ಅವರು ‘ಆಲಾಪನೆ ಹೆಚ್ಚಾಯಿತು’ ಎಂದರೆ ನಾವು ‘ಇವರಿಗೆ ಹೊಸದೇ ಬೇಡ’ ಎಂದು ಓದುತ್ತೇವೆ. ನಾವು ‘ಸ್ವಲ್ಪ ರಾಗ ಇರಲಿ’ ಎಂದರೆ ಅವರು ‘ಇವರಿಗೆ ಪರಂಪರೆ ಬೇಡ’ ಎಂದು ಓದುತ್ತಾರೆ. ಇಬ್ಬರೂ ಹೇಳದೇ ಇದ್ದ ಮಾತಿಗೆ ಇಬ್ಬರೂ ಉತ್ತರ ಕೊಡುತ್ತ ನಡುರಾತ್ರಿಯಾಗುತ್ತದೆ.

ಮೂರನೆಯದು ಭಾಗವತರು. ಮಾತು ಲಂಬಿಸಿತು, ಹಳಿ ತಪ್ಪಿತು ಎನ್ನಿಸಿದರೆ ಅವರು ಬಯ್ಯುವುದಿಲ್ಲ, ಯಾರ ಪಕ್ಷವನ್ನೂ ವಹಿಸುವುದಿಲ್ಲ. ಮುಂದಿನ ಪದ್ಯ ಎತ್ತಿಕೊಳ್ಳುತ್ತಾರೆ, ಅಷ್ಟೆ. ಎಂಥ ಘಟಾನುಘಟಿ ಅರ್ಥಧಾರಿಯೂ ಅಲ್ಲಿಗೆ ಮಾತು ನಿಲ್ಲಿಸಬೇಕು. ಕತೆ ಮುಂದಕ್ಕೆ ಹೋಗುತ್ತದೆ. ಗ್ರೂಪಿನ ಅಡ್ಮಿನ್ನರಿಗೆ ಇದಕ್ಕಿಂತ ಒಳ್ಳೆಯ ಮಾದರಿ ಸಿಗುವುದು ಕಷ್ಟ. ಬೀಗ ಹಾಕುವುದು ಸುಲಭ, ಬೀಗದ ಒಳಗೆ ಸಿಟ್ಟು ಹುಳಿಯುತ್ತದೆ. ‘ಆಲಾಪನೆಯ ಬಗ್ಗೆ ಇಬ್ಬರ ಮಾತೂ ಬಂತು, ಇನ್ನು ಇದೇ ಪದ್ಯವನ್ನು ಹಳೆಯ ಭಾಗವತರು ಹೇಗೆ ಹೇಳಿದ್ದಾರೆ, ಯಾರ ಹತ್ತಿರವಾದರೂ ಧ್ವನಿಮುದ್ರಣ ಉಂಟಾ?’ ಎಂದು ಕೇಳುವುದು ಸ್ವಲ್ಪ ಕಷ್ಟ. ಆದರೆ ಪದ್ಯ ಎತ್ತುವುದೆಂದರೆ ಅದು.

ಈ ಕಟ್ಟುಪಾಡಿನೊಳಗೆ ಮಾತು ಎಷ್ಟು ಹರಿತವಾಗಬಹುದು ಎಂಬುದಕ್ಕೆ ‘ವಾಲಿಮೋಕ್ಷ’ ಒಂದೇ ಸಾಕು. ಬಾಣ ತಗುಲಿ ಬಿದ್ದ ವಾಲಿ ರಾಮನನ್ನು ಕೇಳುತ್ತಾನೆ. ನಿನಗೂ ನನಗೂ ಯಾವ ವೈರ? ಇನ್ನೊಬ್ಬನ ಜೊತೆ ಹೋರಾಡುತ್ತಿದ್ದವನ ಮೇಲೆ ಮರೆಯಿಂದ ಬಾಣ ಬಿಡುವುದು ಯಾವ ಕ್ಷತ್ರಿಯನ ಧರ್ಮ? ಕಾಡಿನ ಕಪಿಗೆ ನಾಡಿನ ನ್ಯಾಯ ಹೇಗೆ ಅನ್ವಯಿಸುತ್ತದೆ? ಒಂದೊಂದು ಪ್ರಶ್ನೆಯೂ ರಾಮನ ಎದೆಗೆ ಗುರಿಯಿಟ್ಟದ್ದು. ಶೇಣಿ ಗೋಪಾಲಕೃಷ್ಣ ಭಟ್ಟರು (1918–2006) ವಾಲಿಯಾಗಿ ಕೂತರೆ ಈ ಪ್ರಶ್ನೆಗಳಿಗೆ ತರ್ಕದ ಮೊನೆ ಇನ್ನಷ್ಟು ಏರುತ್ತಿತ್ತು. ಸಭೆಯ ಒಲವು ಬಿದ್ದವನ ಕಡೆಗೇ ವಾಲುತ್ತದೆ. ರಾಮನ ಅರ್ಥ ಹೇಳುವವನು ಬೆವರಲೇಬೇಕು. ತಮ್ಮನ ಮಡದಿಯನ್ನು ಇಟ್ಟುಕೊಂಡ ಮಾತನ್ನು ಎತ್ತಬೇಕು, ಈ ನೆಲ ಭರತನ ಆಳ್ವಿಕೆಗೆ ಸೇರಿದ್ದೆಂದು ನೆನಪಿಸಬೇಕು, ರಾಜನಿಗೆ ದಂಡಿಸುವ ಅಧಿಕಾರವಿದೆಯೆಂದು ಸಮರ್ಥಿಸಬೇಕು. ಇಬ್ಬರಲ್ಲಿ ಯಾರೂ ಮೆತ್ತಗಾಗುವುದಿಲ್ಲ.

ಆದರೆ ಅಷ್ಟು ಹೊತ್ತು ರಾಮನನ್ನು ಕಟಕಟೆಯಲ್ಲಿ ನಿಲ್ಲಿಸಿದ ಅದೇ ವಾಲಿ ಕಡೆಗೆ ಮಾಡುವುದೇನು? ಮಗ ಅಂಗದನನ್ನು ರಾಮನ ಕೈಗೇ ಒಪ್ಪಿಸುತ್ತಾನೆ. ಯಾರ ಜೊತೆ ಇಷ್ಟು ವಾದ ಮಾಡಿದನೋ ಅವನನ್ನೇ ನಂಬಿ ಮಗನನ್ನು ಬಿಟ್ಟುಹೋಗುತ್ತಾನೆ. ಭಿನ್ನಾಭಿಪ್ರಾಯದ ಬಗ್ಗೆ ಇದಕ್ಕಿಂತ ದೊಡ್ಡ ಪಾಠ ನಮಗೆ ಬೇಕಿಲ್ಲ. ವಾದ ಮುಗಿದ ಮೇಲೆ ಇದಿರಿನವನ ಕೈಯಲ್ಲಿ ನಮಗೆ ಬೇಕಾದ್ದೊಂದನ್ನು ನಂಬಿ ಕೊಡುವಷ್ಟು ಉಳಿದಿದೆಯೇ ಎಂದು ನೋಡಿಕೊಳ್ಳಬೇಕು. ಉಳಿದಿದ್ದರೆ ಮಾತು ಎಷ್ಟು ಹರಿತವಾಗಿದ್ದರೂ ಅದು ಮರ್ಯಾದೆಯದು. ಉಳಿದಿಲ್ಲವಾದರೆ ಎಷ್ಟು ‘ತಾವು’, ‘ತಮ್ಮ’ ಎಂದು ಬಹುವಚನ ಹಾಕಿದರೂ ಅದು ಜಗಳ.

ಕೂಟಗಳೆಲ್ಲ ಹೀಗೆ ಚೊಕ್ಕವಾಗಿ ನಡೆಯುತ್ತವೆಂದು ಹೇಳಿದರೆ ಬಲ್ಲವರು ನಕ್ಕಾರು. ಪಾತ್ರದ ಬಾಯಲ್ಲಿ ತನ್ನ ಸ್ವಂತ ಹಗೆಯನ್ನು ತೀರಿಸಿಕೊಂಡವರಿದ್ದಾರೆ. ಇದಿರಿನವನ ಉದ್ಯೋಗವನ್ನೋ ಊರನ್ನೋ ಮನೆತನವನ್ನೋ ಚುಚ್ಚಿ ನಗಿಸಿದವರಿದ್ದಾರೆ. ಸಭೆ ನಗುತ್ತದೆ, ನಿಜ. ಆದರೆ ಎದ್ದು ಹೋಗುವಾಗ ‘ಇವತ್ತು ಕೂಟ ಕೆಟ್ಟಿತು’ ಎನ್ನುತ್ತದೆ. ಅದಕ್ಕೆ ವಿರುದ್ಧವಾಗಿ, ದೇರಾಜೆ ಸೀತಾರಾಮಯ್ಯನವರಂಥವರು ಮನೆಮಾತಿನಷ್ಟು ತಿಳಿಯಾದ ನುಡಿಯಲ್ಲಿ, ದನಿಯೇರಿಸದೆ, ದೊಡ್ಡ ದೊಡ್ಡ ವಾದಗಳನ್ನು ನಿಭಾಯಿಸಿದರು. ಅವರ ಅರ್ಥವನ್ನು ಜನ ಇಂದಿಗೂ ನೆನೆಯುತ್ತಾರೆ. ಯಾರು ಯಾರನ್ನು ಚುಚ್ಚಿದರು ಎಂಬುದನ್ನು ಜನ ಎರಡು ಮಳೆಗಾಲದೊಳಗೆ ಮರೆಯುತ್ತಾರೆ.

ಕೂಟಕ್ಕಿರುವ ಇನ್ನೊಂದು ಅನುಕೂಲ ಫೋನಿಗಿಲ್ಲ. ಅಲ್ಲಿ ಇದಿರಿನವನ ಮುಖ ಕಾಣುತ್ತದೆ. ಮಾತು ತಗುಲಿತೋ ಇಲ್ಲವೋ ಎಂದು ಹುಬ್ಬು ಹೇಳುತ್ತದೆ. ನಡುವೆ ಚಹಾ ಬರುತ್ತದೆ. ಕೌರವ ಕೃಷ್ಣನಿಗೆ ಲೋಟ ದಾಟಿಸುತ್ತಾನೆ. ಮಂಗಳ ಹಾಡಿದ ಮೇಲೆ ಇಬ್ಬರೂ ಒಂದೇ ಕಾರಿನಲ್ಲಿ ಊರಿಗೆ ಹೋಗುತ್ತಾರೆ. ಮರುದಿನ ಇನ್ನೊಂದು ಊರಿನಲ್ಲಿ ನಿನ್ನೆಯ ಕೃಷ್ಣ ಕೌರವನಾಗಿ ಕೂರುವುದೂ ಉಂಟು. ಎರಡೂ ಕಡೆಯ ಅರ್ಥ ಹೇಳಿ ಪಳಗಿದವನಿಗೆ ಎದುರು ಪಕ್ಷದಲ್ಲಿ ಎಷ್ಟು ಸತ್ಯವಿದೆ ಎಂಬ ಅಂದಾಜು ಇರುತ್ತದೆ. ಗ್ರೂಪಿನಲ್ಲಿ ಮುಖವಿಲ್ಲ, ದನಿಯಿಲ್ಲ, ಹೆಸರೊಂದು ನಂಬರೊಂದು. ತಮಾಷೆಗೆ ಬರೆದದ್ದು ಚುಚ್ಚಿದಂತೆ ಓದಿಸುತ್ತದೆ. ಕಳಿಸಿದ ಮಾತನ್ನು ತಿದ್ದಲು ವಾಟ್ಸಾಪ್ 15 ನಿಮಿಷ ಕೊಡುತ್ತದೆ. ಓದಿದವನ ಮನಸ್ಸನ್ನು ತಿದ್ದಲು ಅಷ್ಟು ಸಾಲುವುದಿಲ್ಲ.

ಹಿಂದೆ ಈ ಬಗೆಯ ವಾದಗಳು ಪುಸ್ತಕ, ಪತ್ರಿಕೆಗಳಲ್ಲಿ ನಡೆಯುತ್ತಿದ್ದವು. ಪಾರ್ತಿಸುಬ್ಬ ಯಾರು, ಯಾವ ಕಾಲದವನು, ಅವನ ಹೆಸರಿನಲ್ಲಿರುವ ಪ್ರಸಂಗಗಳು ಅವನವೇ ಎಂಬ ವಿಷಯದಲ್ಲಿ ಶಿವರಾಮ ಕಾರಂತರದ್ದು ಒಂದು ನಿಲುವು, ಕುಕ್ಕಿಲ ಕೃಷ್ಣ ಭಟ್ಟರದ್ದು ಇನ್ನೊಂದು. ಕಾರಂತರ ‘ಯಕ್ಷಗಾನ ಬಯಲಾಟ’ಕ್ಕೆ 1959ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತ್ತು. ಪ್ರಶಸ್ತಿ ಬಂದ ಪುಸ್ತಕವೆಂದು ಯಾರೂ ಸುಮ್ಮನಾಗಲಿಲ್ಲ. ಕಾರಂತರ ಮಾತೂ ಬೆಣ್ಣೆಯಂಥದ್ದೇನಲ್ಲ. ಅವರು ತಮ್ಮ ಪ್ರಯೋಗಗಳಲ್ಲಿ ಪಿಟೀಲು, ಸ್ಯಾಕ್ಸೋಫೋನ್ ತಂದಾಗ ಒಪ್ಪದವರು ಬಹಳ ಮಂದಿ. ಆದರೆ ಎದುರಿಸಲು ಹೊರಟವನು ತಾಳೆಗರಿ ಹುಡುಕಬೇಕಿತ್ತು, ಪದ್ಯಗಳನ್ನು ಹೋಲಿಸಬೇಕಿತ್ತು, ಪುಟಗಟ್ಟಲೆ ಬರೆಯಬೇಕಿತ್ತು. ಆ ಶ್ರಮದಲ್ಲಿ ಸಿಟ್ಟಿನ ನೀರು ಆರಿ ವಿಷಯ ಗಟ್ಟಿಯಾಗಿ ಉಳಿಯುತ್ತಿತ್ತು. ಇಂದು ಯಕ್ಷಗಾನ ಓದುವ ವಿದ್ಯಾರ್ಥಿಗೆ ಆ ಎರಡೂ ಕಡೆಯ ಬರಹಗಳು ಬೇಕು. ನಮ್ಮ ರಾತ್ರಿಯ ಗ್ರೂಪಿನ ಜಗಳದಿಂದ ಯಾರಿಗೆ ಏನು ಉಳಿಯುತ್ತದೆ?

ಮರ್ಯಾದೆಯೆಂದರೆ ಎಲ್ಲದಕ್ಕೂ ‘ಅದ್ಭುತ’, ‘ಸೂಪರ್’ ಎಂದು ಕೈಮುಗಿಯುವುದಲ್ಲ. ಹಾಗೆ ಮಾಡುವ ಗ್ರೂಪುಗಳೂ ಇವೆ. ಅಲ್ಲಿ ಜಗಳವಿಲ್ಲ, ಜೀವವೂ ಇಲ್ಲ. ಯಾವ ವೇಷ ಹಾಳಾಯಿತು, ಯಾವ ಪದ್ಯ ಸೋತಿತು ಎಂದು ಹೇಳುವವರಿಲ್ಲದಿದ್ದರೆ ಕಲಾವಿದನಿಗೂ ನಷ್ಟ. ಇಡೀ ರಾತ್ರಿಯ ಆಟ ಬೇಕೋ ಕಾಲಮಿತಿ ಸಾಕೋ, ತುಳು ಪ್ರಸಂಗಕ್ಕೆ ಪೌರಾಣಿಕದ ವೇಷಭೂಷಣ ಹೊಂದುತ್ತದೋ ಇಲ್ಲವೋ, ಬಡಗಿನ ಕೇದಗೆ ಮುಂದಲೆ ಹೀಗೆ ಬದಲಾಗುತ್ತ ಹೋದರೆ ಎಲ್ಲಿ ನಿಲ್ಲುತ್ತದೆ, ಇವೆಲ್ಲ ಜೋರಾಗಿಯೇ ಮಾತಾಡಬೇಕಾದ ವಿಷಯಗಳು. ತಾಳಮದ್ದಳೆಯಲ್ಲಿ ಇದಿರಿನವನು ಒಂದೂ ಪ್ರಶ್ನೆ ಕೇಳದೆ ‘ಹೌದು ಸ್ವಾಮಿ’ ಎನ್ನುತ್ತ ಹೋದರೆ ಸಭೆ ಆಕಳಿಸುತ್ತದೆ. ಇದಿರಿನವನು ಬಲವಾಗಿ ಕೇಳಿದಷ್ಟೂ ನಮ್ಮ ಉತ್ತರಕ್ಕೆ ಬೆಲೆ. ಹಾಗಾಗಿ ಅವನನ್ನು ಗೌರವಿಸುವುದು ಅವನಿಗೆ ಮಾಡುವ ಉಪಕಾರವಲ್ಲ. ಅವನು ಎದ್ದುಹೋದರೆ ನಮ್ಮ ಅರ್ಥವನ್ನು ನಾವೇ ಕೇಳಿಕೊಂಡು ಕೂರಬೇಕಾಗುತ್ತದೆ.

ಗ್ರೂಪಿನಲ್ಲಿ ಬರೆಯುವವರು ಹತ್ತಿಪ್ಪತ್ತು ಮಂದಿ, ಸುಮ್ಮನೆ ಓದುವವರು ನೂರಾರು. ಅವರಲ್ಲಿ ಈಗಷ್ಟೇ ಹೆಜ್ಜೆ ಕಲಿಯಲು ಸೇರಿದ ಹುಡುಗಿಯೊಬ್ಬಳು ಇರಬಹುದು. ತೆಂಕಿನ ಧೀಂಗಿಣಕ್ಕೂ ಬಡಗಿನ ಮಂಡಿಗೂ ಏನು ವ್ಯತ್ಯಾಸವೆಂದು ಕೇಳಬೇಕೆಂದು ಅವಳಿಗೆ ಆಸೆ. ‘ನೀವು ಎಷ್ಟು ಆಟ ನೋಡಿದ್ದೀರಿ?’ ಎಂಬ ಮಾತನ್ನು ಓದಿದ ಮೇಲೆ ಅವಳು ಕೇಳುವುದಿಲ್ಲ. ನಮ್ಮ ಮಾತು ತಗುಲಿದ್ದು ಒಬ್ಬರಿಗೆ ಎಂದು ನಾವು ಅಂದುಕೊಂಡಿರುತ್ತೇವೆ. ಬಾಯಿ ಮುಚ್ಚಿಕೊಂಡವರ ಲೆಕ್ಕ ಯಾರಿಗೂ ಸಿಗುವುದಿಲ್ಲ.

ಇದು ಯಕ್ಷಗಾನದವರ ಕತೆ ಮಾತ್ರವಲ್ಲ. ಹಳೆಯ ಚಿತ್ರಗೀತೆಯವರು, ಹಕ್ಕಿ ನೋಡುವವರು, ತಾರಸಿ ತೋಟದವರು, ನಾಣ್ಯ ಕೂಡಿಡುವವರು, ಅವರವರ ಗ್ರೂಪಿನಲ್ಲಿ ಅವರವರ ಆಲಾಪನೆಯ ಜಗಳ ಇದ್ದೇ ಇರುತ್ತದೆ. ಇಂದು ನಿಮ್ಮ ಗ್ರೂಪು ತೆರೆದಾಗ ಒಪ್ಪಲಾಗದ ಮಾತೊಂದು ಕಂಡರೆ ಖಂಡಿತ ಉತ್ತರ ಕೊಡಿ, ನುಂಗಿಕೊಂಡು ಕೂರಬೇಡಿ. ಆದರೆ ಅದಕ್ಕೆ ಮೊದಲು, ಅವರು ಹೇಳಿದ್ದೇನು ಎಂಬುದನ್ನು ಅವರೇ ಓದಿ ಹೌದೆನ್ನುವಂತೆ ಒಂದು ಸಾಲು ಬರೆಯಿರಿ. ಆಮೇಲೆ ನಿಮ್ಮ ಮಾತು ಬರಲಿ, ಎಷ್ಟು ಗಟ್ಟಿಯಾಗಿ ಬೇಕಾದರೂ ಬರಲಿ. ಆ ಒಂದು ಸಾಲು ಬರೆಯುವಷ್ಟರಲ್ಲಿ ಅರ್ಧ ಜಗಳ ತಾನಾಗಿ ಬಿದ್ದುಹೋಗುತ್ತದೆ. ಉಳಿದ ಅರ್ಧ ಕೂತು ಕೇಳುವಂತಿರುತ್ತದೆ.